ಹಗ್ಗವಿಲ್ಲದ ಮಗ್ಗ

ಜನವರಿ 18, ಶನಿವಾರ

ಗೋಕಿಲಾ ಇವತ್ತು ಕೈಮುಗಿದುಬಿಟ್ಟಳು. "ಇಲ್ನೋಡಿ, ನಿಮ್ಮ ತಮ್ಮನ ಕಥೆ ಮಧ್ಯಾಹ್ನದಿಂದ ನಾಕು ಸಲ ಆಯ್ತು. ನಂಗಿರೋದು ಎರಡೇ ಕಿವಿ. ಆ ಫೋನಿಗೆ ಹೇಳಿ, ಅದು ಎದ್ದೋಗಲ್ಲ." ಇಪ್ಪತ್ತಾರು ವರ್ಷ ನನ್ನ ಜೊತೆ ಬಾಳಿದ ಹೆಂಡತಿ, ಅವಳ ಮಾತಿನಲ್ಲೂ ನ್ಯಾಯ ಇದೆ. ಅದಕ್ಕೆ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿಗೆ ಹೇಳುತ್ತಿದ್ದೇನೆ. ಕನ್ನಡ ಬರೆಯಲು ನನಗೆ ಬಾರದು. ಶಾಲೆ ತಮಿಳು, ಕೆಲಸ ತಮಿಳು, ಬಸ್ಸಿನ ಜಗಳ ತಮಿಳು. ಮನೆಯ ಮಾತು ಮಾತ್ರ ಕನ್ನಡ. ಹೊಟ್ಟೆಕಿಚ್ಚು ಮನೆಯದೇ ಆದ್ದರಿಂದ ಅದೂ ಕನ್ನಡದಲ್ಲೇ ಬರುತ್ತದೆ.

ಆದದ್ದು ಇದು. ಕುನ್ನತ್ತೂರಿನಾಚೆ ಕಲ್‌ಮೇಡಿನಲ್ಲಿ ನಾನು ಕಾವಲುಗಾರ. ಹದಿನಾಲ್ಕು ವರ್ಷದ ಹಿಂದೆ ಅಲ್ಲಿ ಅಗೆದಾಗ ಎರಡು ಸಾವಿರ ವರ್ಷ ಹಳೆಯ ಊರು ಸಿಕ್ಕಿತು. ಊರು ಅಂದರೆ ಮೂರು ಸಾಲು ಇಟ್ಟಿಗೆ, ಒಡೆದ ಮಡಕೆ, ಕಂಬ ನೆಟ್ಟಿದ್ದ ತೂತುಗಳು, ನಡುವೆ ಒಂದು ಉದ್ದನೆಯ ಗುಂಡಿ. ಬಂದವರಿಗೆ ಕಾಣುವುದು ಬರೀ ಮಣ್ಣು. ಆ ಮಣ್ಣಿನ ಮೇಲೆ ಊರನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಬಾಯಿ. ಸಂಬಳ ಕಾವಲಿಗೆ ಮಾತ್ರ, ಬಾಯಿ ಧರ್ಮಕ್ಕೆ. ಇದೋ ಬಾಗಿಲು, ಇದೋ ಒಲೆ, ಇಲ್ಲಿ ಅತ್ತೆ, ಅಲ್ಲಿ ಸೊಸೆ ಅನ್ನುತ್ತಾ ಹೋಗುತ್ತೇನೆ. ಕೊನೆಗೆ ಗುಂಡಿಯ ಹತ್ತಿರ ನಿಂತು ದನಿ ಇಳಿಸುತ್ತೇನೆ. ಇದು ಆ ಕಾಲದ ದೊಡ್ಡ ವ್ಯಾಪಾರಿಯೊಬ್ಬ ಚಿನ್ನ ಬಚ್ಚಿಟ್ಟ ಗುಂಡಿ. ಎಲ್ಲರೂ ಫೋಟೋ ತೆಗೆದುಕೊಳ್ಳುವುದು ಅಲ್ಲೇ.

ಇವತ್ತು ಅನ್ನೂರಿನಿಂದ ತಮ್ಮ ಕೃಷ್ಣಸಾಮಿ ಬಂದಿದ್ದ. ಪೊಂಗಲ್‌ಗೆ ನಾವು ಹೋಗಿರಲಿಲ್ಲ, ಅತ್ತಿಗೆಗೆ ಸೀರೆ ಕೊಡಬೇಕು ಅಂತ. ಅವನೇ ನೇಯ್ದದ್ದು. ನಮ್ಮದು ಮಗ್ಗದ ಮನೆ. ನಾನು ಹದಿನೈದಕ್ಕೆ ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದೆ, ಅವನು ಮಗ್ಗದ ಗುಂಡಿಯಲ್ಲೇ ಕಾಲಿಳಿಬಿಟ್ಟು ಉಳಿದ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬಿಸಿಲಿಗೆ ಸುಸ್ತಾಗಿ ಹೋಗಿ ನನ್ನ ಚಿನ್ನದ ಗುಂಡಿಯ ಅಂಚಿನಲ್ಲಿ ಕೂತು ಕಾಲು ಕೆಳಗೆ ಬಿಟ್ಟ.

"ಏ ಸಾಮಿ, ಎದ್ದೇಳು! ಬೋರ್ಡ್ ಕಾಣಲ್ವಾ?"

ಅವನು ಏಳಲಿಲ್ಲ. ಪಾದ ಒಂದಾದ ಮೇಲೊಂದು ತುಳಿಯುತ್ತಿತ್ತು. "ಅಣ್ಣಾ, ಇದು ಮಗ್ಗದ ಗುಂಡಿ."

"ಚುಮ್ಮಾ ಇರು."

"ಕಾಲು ಸರಿಯಾಗಿ ಕೂರುತ್ತೆ ಅಣ್ಣಾ. ಎದುರಿಗೆ ನೋಡು, ಎರಡು ತೂತು. ಬಟ್ಟೆ ಸುತ್ತೋ ಮರಕ್ಕೆ."

ಕೊಯಮತ್ತೂರಿನ ಕಾಲೇಜಿನಿಂದ ಬಂದಿರುವ ಇಂದುಜಾ ಅನ್ನುವ ಹುಡುಗಿ ಅಲ್ಲೇ ಕ್ಯಾಮರಾ ಹಿಡಿದು ನೆಲ ಅಳೆಯುತ್ತಿದ್ದಳು. ಅವಳಿಗೆ ಕನ್ನಡ ತಿಳಿಯದು. ಓಡಿ ಬಂದು, ಇವರು ಏನು ಹೇಳ್ತಿದ್ದಾರೆ ಅಂತ ನನ್ನನ್ನೇ ಕೇಳಿದಳು. ತಮ್ಮ ನಾಚಿಕೊಂಡು ತಲೆ ತಗ್ಗಿಸಿದ್ದ. ಹದಿನಾಲ್ಕು ವರ್ಷದ ನನ್ನ ಚಿನ್ನವನ್ನು ನನ್ನ ಬಾಯಿಂದಲೇ ತಮಿಳಿನಲ್ಲಿ ಮಗ್ಗ ಮಾಡಿ ಹೇಳಬೇಕಾಯಿತು.

ಜನವರಿ 24, ಶುಕ್ರವಾರ

ಪುರಾತತ್ವ ಇಲಾಖೆಯ ಸುಬ್ಬಯ್ಯನ್ ಸಾರ್ ಬಂದು ಗುಂಡಿ ಅಳೆದರು. ಹಿಂದೆ ಅದರ ಪಕ್ಕದಲ್ಲೇ ನೂಲು ತೆಗೆಯುವ ಮಣ್ಣಿನ ಬಿಲ್ಲೆಗಳು ಸಿಕ್ಕಿದ್ದವಂತೆ. "ಇರಬಹುದು" ಅಂದರು. ಆ ಮನುಷ್ಯ ಸೂರ್ಯ ಹುಟ್ಟಿದರೂ ಇರಬಹುದು ಅನ್ನುವವರು, ಅವರ ಬಾಯಲ್ಲಿ ಇದು ದೊಡ್ಡ ಮಾತು.

ಆಮೇಲೆ ಇಂದುಜಾ ತನ್ನ ಕೆಲಸ ತೋರಿಸಿದಳು. ಸ್ಲೇಟಿನಂಥ ಒಂದು ಟ್ಯಾಬ್. ಅದನ್ನು ಎತ್ತಿ ಮಣ್ಣಿನ ಕಡೆ ಹಿಡಿದರೆ ಅದರೊಳಗೆ ಅದೇ ಮಣ್ಣು, ಅದೇ ಬೇಲಿ, ಆಚೆ ಅದೇ ತಾಳೆಮರ. ಬೆರಳಿಂದ ಒಂದು ಸಲ ತಟ್ಟಿದಳು. ಮುರಿದ ಇಟ್ಟಿಗೆಯ ಮೇಲೆ ಇಟ್ಟಿಗೆ ಏರಿತು. ಗೋಡೆ ಎದ್ದಿತು, ಮೇಲೆ ಹುಲ್ಲಿನ ಸೂರು ಇಳಿಯಿತು. ನಾನು ಟ್ಯಾಬ್ ತಿರುಗಿಸಿದರೆ ಮನೆ ಅಲ್ಲೇ ನಿಂತಿರುತ್ತದೆ, ನಡೆದುಹೋದರೆ ಒಳಗೆ ಹೋಗುತ್ತೇನೆ. ಬಾಗಿಲಲ್ಲಿ ತಲೆ ತಗ್ಗಿಸಿದೆ ಕೂಡ. ಇಂದುಜಾ ನಕ್ಕಳು.

ಸುಳ್ಳು ಯಾಕೆ, ಮೈ ಜುಮ್ಮೆಂದಿತು. ಮರುಕ್ಷಣ ಟ್ಯಾಬನ್ನು ಅವಳ ಕೈಗೇ ವಾಪಸ್ ಕೊಟ್ಟೆ. ಹದಿನಾಲ್ಕು ವರ್ಷ ಗಂಟಲು ಹರಿದುಕೊಂಡು ನಾನು ಎಬ್ಬಿಸಿದ ಗೋಡೆ, ಒಂದು ಬೆರಳಿಗೆ. ಬಾಗಿಲೂ ನಾನು ಹೇಳುತ್ತಿದ್ದ ಕಡೆ ಇರಲಿಲ್ಲ.

"ಮನೆ ಇದೆ ಅಣ್ಣಾ, ಮನುಷ್ಯರೇ ಇಲ್ಲ" ಅಂದಳು ಇಂದುಜಾ. "ಗುಂಡಿಯಲ್ಲಿ ಒಬ್ಬರು ಕೂತು ನೇಯುತ್ತಿರಬೇಕು. ನಿಜವಾದ ನೇಕಾರರ ಮೈಯ ಚಲನೆ ತೆಗೆದುಕೊಂಡು ಬೊಂಬೆಗೆ ಹಾಕ್ತೀವಿ. ನಿಮ್ಮ ತಮ್ಮ ಬರ್ತಾರಾ? ಮಾಸ್ಟರ್ ಒಪ್ಪಿದರೆ ಮಾರ್ಚ್‌ನಲ್ಲಿ ಉದ್ಘಾಟನೆ."

ಮಾಸ್ಟರ್! ಗುಂಡಿಯಲ್ಲಿ ಕಾಲಿಟ್ಟು ಒಂದು ವಾರವಾಗಿಲ್ಲ, ಅವನು ಮಾಸ್ಟರ್. ಹದಿನಾಲ್ಕು ವರ್ಷ ಬಿಸಿಲಲ್ಲಿ ನಿಂತವನು ಅಣ್ಣ.

"ನಾನೇ ಇದ್ದೀನಲ್ಲಾ ಅಮ್ಮಣಿ, ಕಥೆ ಹೇಳೋಕೆ" ಅಂದೆ.

"ಕಥೆ ಬೇಡ ಅಣ್ಣಾ, ಅದರಲ್ಲೇ ಎಲ್ಲಾ ಬರುತ್ತೆ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದಕ್ಕೇ ಇನ್ನೂ ಚುಚ್ಚುತ್ತಿದೆ.

ಜನವರಿ 29, ಬುಧವಾರ

ಇಂದುಜಾ ನನ್ನ ಕುರ್ಚಿಯ ಹತ್ತಿರ ಬಂದು ಕೇಳಿದಳು, "ಅಣ್ಣಾ, ಮಗ್ಗದ ವಿಷಯ ಸ್ವಲ್ಪ ಕೇಳಬೇಕಿತ್ತು. ಮಾಸ್ಟರ್ ಮಾಡೋ ರೀತಿ ಆ ಕಾಲಕ್ಕೆ ಸರಿ ಇರುತ್ತಾ?"

"ನನಗೇನು ಗೊತ್ತಮ್ಮಣಿ, ನಾನು ಕಾವಲುಗಾರ. ಮಾಸ್ಟರ್ ಇದ್ದಾರಲ್ಲಾ, ಅವರು ಹೇಗೆ ಮಾಡ್ತಾರೋ ಹಾಗೇ ಮಾಡಿ" ಅಂದೆ.

ಚೆನ್ನಾಗಿ ಹೇಳಿದೆ. ದಿನವೆಲ್ಲ ಅದನ್ನೇ ನೆನೆಸಿಕೊಂಡು ಖುಷಿಪಟ್ಟೆ.

ಫೆಬ್ರವರಿ 2, ಭಾನುವಾರ

ಕೊಯಮತ್ತೂರಿನ ಕಾಲೇಜಿಗೆ ನಾನೂ ಹೋಗಿದ್ದೆ. ಸಾಮಿಗೆ ದೊಡ್ಡವರ ಮುಂದೆ ತಮಿಳೂ ತೊದಲುತ್ತದೆ, ಜೊತೆಗೆ ಯಾರಾದರೂ ಬೇಕು. ಯಾರಾದರೂ ಅಂದರೆ ನಾನು.

ಅವನಿಗೆ ಮೈಗಂಟಿದ ಕಪ್ಪು ಅಂಗಿ ತೊಡಿಸಿ, ಮೈತುಂಬ ಹೊಳೆಯುವ ಗೋಲಿಗಳನ್ನು ಅಂಟಿಸಿದರು. "ಅಣ್ಣಾ, ಸರ್ಕಸ್‌ನವನಂಗಿದ್ದೀನಾ?" ಅಂತ ಕನ್ನಡದಲ್ಲಿ ಪಿಸುಗುಟ್ಟಿದ. "ಸರ್ಕಸ್‌ನಲ್ಲಿ ಹೊಟ್ಟೆ ಇರೋರ್ನ ಸೇರ್ಸಲ್ಲ" ಅಂದೆ. ನಕ್ಕ. ಎತ್ತರದ ಹಲಗೆಯ ನಡುವೆ ಗುಂಡಿ ಮಾಡಿ ಮರದ ಮಗ್ಗ ಕಟ್ಟಿದ್ದರು. ಅವನು ಕೂತು ಮೊದಲು ಕೈಯಿಂದ ಮೇಲೆ ತಡಕಾಡಿದ. ಹಗ್ಗ ಇರಲಿಲ್ಲ. ಅಡ್ಡನೂಲು ಹೊತ್ತ ಲಾಳಿಯನ್ನು ಆಚೆಯಿಂದೀಚೆಗೆ ಓಡಿಸುವುದು ಆ ಹಗ್ಗ. ಬಲಗೈಯಲ್ಲಿ ಎಳೆದರೆ ಲಾಳಿ ಹಾರುತ್ತದೆ, ಎಡಗೈ ನೂಲು ಒತ್ತುವ ಹಲಗೆ ಬಡಿಯುತ್ತದೆ. ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ. ಒಬ್ಬರು ಓಡಿಹೋಗಿ ಹಗ್ಗ ಕಟ್ಟಿದರು.

ಆಮೇಲೆ ಏನು ಹೇಳಲಿ. ಗೋಡೆಯ ಮೇಲಿನ ಪರದೆಯಲ್ಲಿ ಬೆಳಕಿನ ಕಡ್ಡಿಗಳಿಂದ ಮಾಡಿದ ಒಬ್ಬ ಮನುಷ್ಯ ನೇಯತೊಡಗಿದ. ಮುಖ ಇಲ್ಲ, ಮಾಂಸ ಇಲ್ಲ, ಆದರೂ ಅದು ಸಾಮಿಯೇ. ತುಳಿತ, ಎಳೆತ, ಬಡಿತ. ಕಾಲೇಜಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಐವತ್ತು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಕೂಡಿಸಿದರೂ ಅಂಥ ಒಂದು ಚಪ್ಪಾಳೆ ಬಿದ್ದಿರಲಿಕ್ಕಿಲ್ಲ.

ಫೆಬ್ರವರಿ 6, ಗುರುವಾರ

ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಬಾಯಲ್ಲಿ ನೊರೆ ಇಟ್ಟುಕೊಂಡೇ ನಕ್ಕೆ.

ಹಗ್ಗ! ಎರಡು ಸಾವಿರ ವರ್ಷದ ಹಿಂದೆ ಎಲ್ಲಿತ್ತು ಹಗ್ಗ? ಹಗ್ಗದ ಮಗ್ಗ ನಮ್ಮ ಬೀದಿಗೆ ಬಂದದ್ದೇ ಅಜ್ಜ ಯುವಕನಾಗಿದ್ದಾಗ. ಅದಕ್ಕೆ ಮುಂಚೆ ಲಾಳಿಯನ್ನು ಕೈಯಿಂದಲೇ ಎಸೆಯುತ್ತಿದ್ದರು. ಈ ಕೈ ಎಸೆದರೆ ಆ ಕೈ ಹಿಡಿಯಬೇಕು. ಬೀದಿಯವರೆಲ್ಲ ಹಗ್ಗ ಕಟ್ಟಿಕೊಂಡರೂ ಅಜ್ಜ ಹಿಂಭಾಗದಲ್ಲಿ ಒಂದು ಸಣ್ಣ ಮಗ್ಗ ಇಟ್ಟುಕೊಂಡು ಸಾಯುವವರೆಗೂ ಕೈಯಲ್ಲೇ ಎಸೆದ. ಅಗಲ ಕಡಿಮೆಯ ಟವೆಲು ಮಾತ್ರ. ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡು ಕಲಿಸಿದ. ಸಾಮಿಯ ಕಾಲು ತುಳಿಹಲಗೆಗೆ ಎಟಕುವಷ್ಟರಲ್ಲಿ ಅಜ್ಜ ಇರಲಿಲ್ಲ. ಅವನು ಕಲಿತದ್ದು ಹಗ್ಗದ ಮಗ್ಗವನ್ನೇ. ಹಗ್ಗವಿಲ್ಲದೆ ಅವನ ಬಲಗೈಗೆ ಏನೂ ತಿಳಿಯದು.

ಇವತ್ತು ಇಂದುಜಾ ಟ್ಯಾಬ್‌ನಲ್ಲಿ ತೋರಿಸಿದಳು. ಆ ಹಳೆಯ ಮನೆಯೊಳಗೆ, ಗುಂಡಿಯಲ್ಲಿ, ನೇಕಾರ ಕೂತಿದ್ದಾನೆ. ಕೈ ಏನನ್ನೋ ಎಳೆಯುತ್ತದಲ್ಲಾ ಅಂತ ಅವರೇ ಚಂದವಾಗಿ ಒಂದು ಹಗ್ಗ ಬರೆದು ತೂಗುಹಾಕಿದ್ದಾರೆ. "ಹೇಗಿದೆ ಅಣ್ಣಾ?"

"ಭೇಷಾಗಿದೆ" ಅಂದೆ.

ಉದ್ಘಾಟನೆಯ ದಿನ ಬರಲಿ. ಕಲೆಕ್ಟರ್ ಬರಲಿ, ಅವಿನಾಶಿಯಿಂದ ಅನ್ನೂರಿನವರೆಗಿನ ನಮ್ಮ ಜನವೆಲ್ಲ ಬರಲಿ. ಎಲ್ಲರೂ ಟ್ಯಾಬ್ ಹಿಡಿದು ಆಹಾ ಅನ್ನುವಾಗ ಕಾವಲುಗಾರ ಒಂದು ಹೆಜ್ಜೆ ಮುಂದೆ ಬಂದು ಕೇಳುತ್ತಾನೆ: "ಮಾಸ್ಟರ್, ಆ ಹಗ್ಗ ಯಾವ ಅಂಗಡಿಯಲ್ಲಿ ತಂದದ್ದು?"

ಫೆಬ್ರವರಿ 16, ಭಾನುವಾರ

ಪೇಪರಿನಲ್ಲಿ ಅವನ ಫೋಟೋ ಬಂದಿದೆ. ಕಪ್ಪು ಅಂಗಿ, ಗೋಲಿ, ಎಲ್ಲ. ಪುರಾತನ ನೇಕಾರನಿಗೆ ಜೀವ ಕೊಟ್ಟ ಅನ್ನೂರಿನ ಕೃಷ್ಣಸಾಮಿ ಅಂತ ತಮಿಳಿನಲ್ಲಿ ದಪ್ಪಕ್ಷರ. ಪಕ್ಕದಲ್ಲಿ ನನ್ನ ಮೊಣಕೈ ಬಂದಿದೆ. ನನ್ನದೇ, ಅಂಗಿಯ ತೋಳಿನ ಗುರುತಿದೆ.

ಗೋಕಿಲಾ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದಳು. ಹಾಲು ತೆಗೆಯಲು ಹೋದಾಗೆಲ್ಲ ತಮ್ಮ.

"ನಿಮ್ಮ ಮುಖ ಯಾಕಿಂಗಿದೆ?" ಅಂದಳು.

"ಹೆಂಗಿದೆ?"

"ಪಕ್ಕದ ಮನೇಲಿ ಕರಿಬೇವಿನ ಸೊಪ್ಪು ಕೇಳಿ ಇಲ್ಲ ಅಂತ ಅನ್ನಿಸ್ಕೊಂಡು ಬಂದಂಗೆ."

ಮಾರ್ಚ್ 9, ಭಾನುವಾರ

ಪೆರುಂದುರೈ ಕಡೆಯ ಒಂದು ಶಾಲೆಯಿಂದ ಹುಡುಗಿಯರು ಬಂದಿದ್ದರು, ಟ್ಯಾಬ್ ಪ್ರಯೋಗಕ್ಕೆ ಅಂತ. ನಾನು ಬೇಲಿಯ ಹತ್ತಿರ ನಿಂತು, ಬನ್ನಿ ಬನ್ನಿ, ಈ ಊರು ಹೇಗಿತ್ತು ಅಂದರೆ ಅಂತ ಶುರು ಮಾಡಿದೆ. ಟೀಚರಮ್ಮ ಕೈಯೆತ್ತಿ, ಒಂದು ನಿಮಿಷ ಅಣ್ಣಾ, ಮಕ್ಕಳು ಮೊದಲು ನೋಡಲಿ ಅಂದರು. ಮಕ್ಕಳು ನೋಡಿದರು. ಒಳಗೆ ಹೋದರು, ಹೊರಗೆ ಬಂದರು, ನೇಕಾರನ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. ಆ ಒಂದು ನಿಮಿಷ ಮುಗಿಯಲೇ ಇಲ್ಲ. ಬಸ್ಸು ಹತ್ತಿ ಹೋದರು.

ಒಬ್ಬ ಹುಡುಗಿ ಮಾತ್ರ ಹೋಗುವ ಮುಂಚೆ ನನ್ನ ಹತ್ತಿರ ಬಂದಳು. ಏನೋ ಕೇಳುತ್ತಾಳೆ ಅಂತ ಬೆನ್ನು ನೆಟ್ಟಗೆ ಮಾಡಿಕೊಂಡೆ. ಕುಡಿಯುವ ನೀರು ಎಲ್ಲಿ ಅಂದಳು.

ಆಮೇಲೆ ಖಾಲಿ ದಿಬ್ಬದಲ್ಲಿ ನಾನೊಬ್ಬನೇ ಅಭ್ಯಾಸ ಮಾಡಿದೆ. ಮಾಸ್ಟರ್, ಆ ಹಗ್ಗ ಯಾವ ಅಂಗಡಿಯಲ್ಲಿ ತಂದದ್ದು? ಜೋರಾಗಿ ಹೇಳಿದರೆ ಜಗಳ ಅನಿಸುತ್ತದೆ. ನಗುತ್ತಾ ಮೆಲ್ಲಗೆ ಹೇಳಿದರೆ ಚೆನ್ನಾಗಿ ತಗಲುತ್ತದೆ. ಕಲೆಕ್ಟರ್ ಕೇಳುವಷ್ಟು ಜೋರು, ಸಾಮಿ ತಡೆಯಲಾರದಷ್ಟು ಮೆಲ್ಲಗೆ. ಹದಿನೈದು ಸಲ ಹೇಳಿದ ಮೇಲೆ ಹದ ಬಂತು.

ಮಾರ್ಚ್ 15, ಶನಿವಾರ

ಇದನ್ನು ಬಸ್ ಸ್ಟಾಂಡಿನಿಂದ ಹೇಳುತ್ತಿದ್ದೇನೆ. ಸಾಮಿಯನ್ನು ಈಗ ತಾನೇ ಅವಿನಾಶಿ ಬಸ್ಸಿಗೆ ಹತ್ತಿಸಿದೆ.

ಅವನು ಮನೆಗೆ ಬಂದದ್ದು ನನ್ನಲ್ಲಿ ಒಂದು ಕೇಳುವುದಕ್ಕೆ. ಉದ್ಘಾಟನೆಯ ದಿನ ಅವನು ಮೈಕಿನಲ್ಲಿ ಮಾತಾಡಬೇಕಂತೆ. ಮೂರು ದಿನದಿಂದ ಊಟ ಇಳಿಯುತ್ತಿಲ್ಲವಂತೆ.

"ಅಣ್ಣಾ, ನೀನೇ ನಾಕು ಮಾತು ಹೇಳಿಬಿಡು. ಮೈಕ್ ನೋಡಿದ್ರೆ ನಂಗೆ ತಮಿಳೂ ಮರೆತೋಗುತ್ತೆ. ಇಂದುಜಾ ಹತ್ರ ಕೇಳಿದೀನಿ. ಖಂಡಿತಾ ಅವರೇ ಮಾತಾಡ್ಲಿ ಅಂದ್ಳು."

ನೋಡಿ, ಮೈಕನ್ನೇ ತಂದು ನನ್ನ ಕೈಗೆ ಕೊಟ್ಟ. ನಾನು ಹದಿನೈದು ಸಲ ಅಭ್ಯಾಸ ಮಾಡಿದ ಮಾತಿಗೆ ಅವನೇ ಮೈಕ್ ತಂದ. ಗೋಕಿಲಾ ಕಾಫಿ ತಂದಿಟ್ಟು, "ಮೈಕ್ ಕೊಟ್ರೆ ವಾಪಸ್ ಇಸ್ಕೊಳ್ಳೋಕೆ ಪೊಲೀಸ್ನೋರು ಬರ್ಬೇಕು ಮೈದುನಾ" ಅಂತ ನಕ್ಕಳು. ಅವನೂ ನಕ್ಕ. ನಾನೂ.

ಬಸ್ಸಿಗೆ ಕಾಯುವಾಗ ಅವನೇ ಮತ್ತೆ ಮಾತೆತ್ತಿದ. ಇವತ್ತು ಅವನ ಮಾತು ಹತ್ತು ದಾಟಿತ್ತು.

"ನಂಗೊಂದು ಭಯ ಇತ್ತಣ್ಣಾ. ಆ ಕಾಲದಲ್ಲಿ ಹಗ್ಗ ಇತ್ತೋ ಇಲ್ವೋ ಅಂತ. ಅಜ್ಜ ಕೈಯಲ್ಲೇ ಎಸೀತಿದ್ದ ಅಂತ ಅಪ್ಪ ಹೇಳ್ತಿದ್ರಲ್ಲಾ. ಆ ಹುಡುಗಿ ಹತ್ರ ಮೊದ್ಲೇ ಹೇಳ್ದೆ, ಇದೆಲ್ಲ ನಂಗೆ ತಿಳಿಯಲ್ಲ, ನಮ್ಮಣ್ಣನ ಕೈಗೆ ಮಾತ್ರ ಗೊತ್ತು, ಅವನ್ನ ಕೇಳು ಅಂತ."

"ಏನಂದ್ಳು?"

"ನಿಮ್ಮಣ್ಣನ್ನ ಕೇಳ್ದೆ, ನೀವು ಹೆಂಗೆ ಮಾಡ್ತೀರೋ ಹಂಗೇ ಮಾಡಿ ಅಂದ್ರು ಅಂದ್ಳು. ಆಮೇಲೆ ಕಾಲೇಜಲ್ಲಿ ಹಗ್ಗ ಕಟ್ಟೋವಾಗ್ಲೂ ನಿನ್ನ ನೋಡ್ದೆ. ನೀನು ಸುಮ್ನಿದ್ದೆ. ಸರಿ, ಅಣ್ಣ ಇದಾನೆ, ತಪ್ಪಾಗಿದ್ರೆ ಬಿಡ್ತಾನಾ ಅಂತ ಎಳೆದೆ."

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಕೈ ಹೊರಗೆ ಹಾಕಿ, "ನಾಕೇ ಮಾತು ಅಣ್ಣಾ, ನಲವತ್ತು ಬೇಡ" ಅಂದ.

ಇವನಿಗೆ ಕಾಲೂ ಒಳ್ಳೆಯದು, ಮನಸ್ಸೂ ಒಳ್ಳೆಯದು. ಎಲ್ಲವನ್ನೂ ಒಬ್ಬನಿಗೇ ಕೊಟ್ಟರೆ ಹೇಗೆ?

ಮಾರ್ಚ್ 16, ಭಾನುವಾರ

ಏನೂ ಇಲ್ಲ. ಬಿಸಿಲು.

ಮಾರ್ಚ್ 17, ಸೋಮವಾರ

ಇಂದುಜಾಳಿಗೆ ಹೇಳಿದೆ. ಹಗ್ಗ ತಪ್ಪು ಅಂತ. ಕೈಯಿಂದ ಎಸೆಯಬೇಕು ಅಂತ.

ಅವಳು ಟ್ಯಾಬ್ ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಣ್ಣಾ, ಜನವರಿಯಲ್ಲೇ ನಾನು ಬಂದು ಕೇಳಿದ್ದೆ."

"ಹೌದು ಅಮ್ಮಣಿ, ಕೇಳಿದ್ದೆ."

"ಆಮೇಲೆ ಭೇಷಾಗಿದೆ ಅಂದಿರಿ."

"ಅಂದೆ."

ಸುಬ್ಬಯ್ಯನ್ ಸಾರ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು "ಇರಬಹುದು" ಅನ್ನಲಿಲ್ಲ. "ಹೌದು, ಹಗ್ಗ ಇತ್ತೀಚಿನದು, ನಮಗೇ ಹೊಳೆಯಬೇಕಿತ್ತು, ತೆಗೀರಿ" ಅಂದರು. ಆರು ದಿನ ಉಳಿದಿದೆ. ಕೈಯಿಂದ ಎಸೆಯುವವರು ಯಾರಿದ್ದಾರೆ ಅಂತ ಇಂದುಜಾ ಕೇಳಿದಳು. ನನ್ನ ಹೆಸರು ಹೇಳಲು ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮಾರ್ಚ್ 19, ಬುಧವಾರ

ಕಪ್ಪು ಅಂಗಿ ನನಗೂ ತೊಡಿಸಿದರು. ಹೊಟ್ಟೆಯ ಹತ್ತಿರ ಜಿಪ್ ನಿಂತುಬಿಟ್ಟಿತು. ಸಾಮಿ ತಲೆ ಆಚೆ ತಿರುಗಿಸಿ ನಕ್ಕದ್ದು ಕಂಡಿತು.

ಕೂತೆ. ಅಜ್ಜನ ತೊಡೆಯ ಪಕ್ಕ ಕೂತು ಎಸೆದದ್ದು ಹನ್ನೆರಡನೇ ವಯಸ್ಸಿನಲ್ಲಿ. ಬಾಯಿಯಲ್ಲಾದರೆ ಲಾಳಿಯನ್ನು ಕುನ್ನತ್ತೂರಿನಿಂದ ವೆಳ್ಳಕೋಯಿಲ್ ತನಕ ಎಸೆಯಬಲ್ಲೆ. ಕೈ ಕೇಳಬೇಕಲ್ಲ. ಮೊದಲನೆಯದು ನೂಲಿನ ನಡುವೆ ಸಿಕ್ಕಿಕೊಂಡಿತು, ಎರಡನೆಯದು ಇಂದುಜಾಳ ಕಾಲ ಹತ್ತಿರ ಬಿತ್ತು. ಕಾಲಿನ ಕಡೆ ಗಮನ ಕೊಟ್ಟರೆ ಕೈ ತಪ್ಪುತ್ತದೆ, ಕೈಯ ಕಡೆ ನೋಡಿದರೆ ಕಾಲು ನಿಲ್ಲುತ್ತದೆ. ಒಂದು ಗಂಟೆ ಬೆವರಿದೆ. ಬಲ ಭುಜ ಹಿಡಿದುಕೊಂಡಿತು.

ಸಾಮಿ ಮೆಲ್ಲಗೆ ಕನ್ನಡದಲ್ಲಿ, "ಅಣ್ಣಾ, ಕಾಲು ಬಿಟ್ಟುಬಿಡು. ಕಾಲು ನಾನು ತುಳೀತೀನಿ" ಅಂದ.

ಇಂದುಜಾಳಿಗೆ ಹೇಳಿದಾಗ ಅವಳ ಕಣ್ಣು ಅರಳಿತು. ಇಬ್ಬರ ಚಲನೆಯನ್ನೂ ತೆಗೆದು ಒಂದೇ ಬೊಂಬೆಗೆ ಹಾಕಬಹುದಂತೆ, ತಾಳ ಕೂಡಬೇಕು ಅಷ್ಟೇ. ಪಕ್ಕದಲ್ಲೇ ಇನ್ನೊಂದು ಪೀಠ ಹಾಕಿದರು. ಅವನು ತುಳಿಯುತ್ತಾನೆ, ಆ ಸದ್ದು ಕೇಳಿ ನಾನು ಎಸೆಯುತ್ತೇನೆ. ಅವನು ನನ್ನ ಕೈ ನೋಡಲಿಲ್ಲ, ನಾನು ತಪ್ಪಿದಾಗ ಒಂದು ಮಾತೂ ಆಡಲಿಲ್ಲ. ಕಾಲನ್ನು ಮಾತ್ರ ಸ್ವಲ್ಪ ನಿಧಾನ ಮಾಡುತ್ತಿದ್ದ, ನಾನು ಬಂದು ಸೇರುವವರೆಗೆ. ನನಗದು ಗೊತ್ತಾಗಬಾರದು ಅಂತ ಅವನ ಎಣಿಕೆ. ಗೊತ್ತಾಯಿತು.

ಸಂಜೆ ಹೊತ್ತಿಗೆ ಐದು ನಿಮಿಷದ ಒಂದು ತುಂಡು ಸಿಕ್ಕಿತು. ಅದರಲ್ಲೂ ಒಂದು ಕಡೆ ಎಡಗೈ ಲಾಳಿ ಹಿಡಿಯದೆ ಬೀಳಿಸಿ, ಬಗ್ಗಿ ಎತ್ತಿಕೊಳ್ಳುತ್ತದೆ. ಇನ್ನೊಂದು ಸಲ ಮಾಡೋಣ ಅಂದೆ. ಭುಜ ಏಳಲಿಲ್ಲ. "ಇರಲಿ ಅಣ್ಣಾ, ಈಗ ಹೊತ್ತಿಲ್ಲ, ಆಮೇಲೆ ಸರಿ ಮಾಡ್ತೀನಿ" ಅಂದಳು ಇಂದುಜಾ.

ಬ್ಯಾನರ್ ಮಾತ್ರ ಮೊದಲೇ ಅಚ್ಚಾಗಿದೆ. ಅದರಲ್ಲಿ ಅವನ ಹೆಸರೊಂದೇ. ಬದಲಾಯಿಸೋಣವಾ ಅಂತ ಕೇಳಿದಳು. ಬೇಡ ಅಂದೆ. ಯಾಕೆ ಅಂದೆನೋ.

ಮಾರ್ಚ್ 23, ಭಾನುವಾರ

ಮುಗಿಯಿತು. ಪೆಂಡಾಲ್ ಬಿಚ್ಚುತ್ತಿದ್ದಾರೆ. ನಾನು ಬೇಲಿಯಾಚೆ ಬೇವಿನ ಕೆಳಗಿದ್ದೇನೆ.

ಅನ್ನೂರಿನ ನಮ್ಮ ಬೀದಿಯಿಂದ ಒಂದು ವ್ಯಾನ್ ತುಂಬ ಜನ ಬಂದಿದ್ದರು. ಮೊದಲ ಸಾಲಿನಲ್ಲಿ ನೇಕಾರರ ಸಂಘದ ಮಾರಪ್ಪನ್. ನಾನು ಮೈಕಿನಲ್ಲಿ ನಾಲ್ಕು ಮಾತು ಹೇಳಿದೆ. ನಿಜವಾಗಿ ನಾಲ್ಕೇ. ಗೋಕಿಲಾ ಬಾಯಿ ತೆರೆದು ನೋಡುತ್ತಿದ್ದಳು. ಹಗ್ಗದ ಮಾತು ಎತ್ತಲಿಲ್ಲ, ಎತ್ತಲು ಹಗ್ಗವೇ ಇರಲಿಲ್ಲ. ಕಲೆಕ್ಟರ್ ಟ್ಯಾಬ್ ಹಿಡಿದರು, ಸಂತೋಷಪಟ್ಟರು, ಹೊರಟುಹೋದರು. ಆಮೇಲೆ ನಮ್ಮವರ ಸರದಿ. ಹತ್ತು ಟ್ಯಾಬ್, ಒಂದಕ್ಕೆ ನಾಲ್ಕು ತಲೆ. ಗುಂಡಿಯ ಸುತ್ತ ನಿಂತರು. ಸಾಮಿ ಹೆಗಲ ಟವೆಲು ಸರಿಮಾಡಿಕೊಳ್ಳುತ್ತಾ ಬ್ಯಾನರಿನ ಪಕ್ಕ ನಿಂತಿದ್ದ.

ನೇಕಾರ ಎಸೆದ, ಹಿಡಿದ, ಎಸೆದ, ಹಿಡಿದ. ಹೆಂಗಸರು, ಅಯ್ಯೋ ನಮ್ಮ ಮಾವನಂಗೇ ಕೂತವ್ನೆ ಅನ್ನುತ್ತಿದ್ದರು. ಅಷ್ಟರಲ್ಲಿ ಆ ಜಾಗ ಬಂತು. ಲಾಳಿ ಬಿತ್ತು. ನೇಕಾರ ಬಗ್ಗಿ ಹುಡುಕಿದ.

ಮಾರಪ್ಪನ್ ಗಹಗಹಿಸಿದ. "ಏ ಕೃಷ್ಣಸಾಮಿ! ಬೀದಿ ಮಾನ ತೆಗೆದ್ಯಲ್ಲೋ! ಮೂವತ್ತು ವರ್ಷ ಗುಂಡೀಲಿ ಕೂತು ಒಂದು ಲಾಳಿ ಹಿಡಿಯೋಕ್ಕೆ ಬರಲ್ವಾ?"

"ಪೇಪರ್‌ನೋರು ಬಂದ್ರಲ್ಲಾ, ಕೈ ನಡುಗಿರ್ಬೇಕು" ಅಂದ ಇನ್ನೊಬ್ಬ.

"ಸಂಘದಲ್ಲಿ ಇವನ ಸೀರೆ ಇನ್ಮೇಲೆ ಎರಡು ಸಲ ನೋಡ್ಬೇಕಪ್ಪಾ!"

ಎಲ್ಲರೂ ನಕ್ಕರು. ಇಡೀ ಬೀದಿ ನಕ್ಕಿತು. ಒಂದೂವರೆ ತಿಂಗಳಿಂದ ನಾನು ಕಾದದ್ದು ಇದೇ ನಗು. ಇದೇ ಜಾಗದಲ್ಲಿ, ಇದೇ ಜನರ ಬಾಯಲ್ಲಿ. ನಾನು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಸಾಮಿ ಟವೆಲು ತೆಗೆದು ಮಡಿಸಿದ. ಬಿಚ್ಚಿ ಮತ್ತೆ ಮಡಿಸಿದ. ಕಿವಿ ಕೆಂಪಗಾಗಿತ್ತು. ಹೇಳು ಅನ್ನುವ ಹಾಗೆ ನನ್ನ ಕಡೆ ಒಂದು ಸಲ ನೋಡಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ನೋಡಲಿಲ್ಲ. ನನ್ನ ಕಡೆ ಬಿಟ್ಟು ಎಲ್ಲ ಕಡೆಯೂ ನೋಡಿದ.

"ಅದು ನನ್ನ ಕೈ" ಅಂದೆ.

ಮಾರಪ್ಪನ್ ತಿರುಗಿದ. "ಏನು?"

"ಲಾಳಿ ಬೀಳಿಸಿದ್ದು ನಾನು. ಕೈ ನಂದು. ಅವನದ್ದಲ್ಲ."

"ನೀನಾ ಕುಮರೇಶಾ? ನೀನು ಮಗ್ಗ ಬಿಟ್ಟೋಗಿ ಮೂವತ್ತೈದು ವರ್ಷ ಆಯ್ತಲ್ಲಯ್ಯಾ!"

"ಅದಕ್ಕೇ ಬಿತ್ತು."

ಈಗ ನಗು ನನ್ನ ಕಡೆ ಬಂತು. ಬರಲಿ ಅಂತ ನಿಂತೆ. ನಾನು ಮಾತಿನ ಮನುಷ್ಯ, ಹತ್ತು ಉತ್ತರ ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ.

"ಹಂಗಾದ್ರೆ ಇವನದ್ಯಾವುದು?" ಅಂದ ಮಾರಪ್ಪನ್, ಸಾಮಿಯನ್ನು ತೋರಿಸಿ.

"ಕೆಳಗೆ ಹಿಡಿದು ನೋಡಿ. ಗುಂಡಿ ಒಳಗೆ."

ಇಂದುಜಾ ಲಾಳಿ ಬಿದ್ದ ಜಾಗವನ್ನೇ ಮತ್ತೆ ಓಡಿಸಿದಳು, ಹತ್ತು ಟ್ಯಾಬೂ ಬಗ್ಗಿದವು. ಮೇಲೆ ನನ್ನ ಕೈ ಲಾಳಿಗಾಗಿ ತಡಕಾಡುತ್ತಿತ್ತು. ಕೆಳಗೆ ಕತ್ತಲಲ್ಲಿ ಎರಡು ಪಾದ, ಒಂದನ್ನೊಂದು ಅವಸರಪಡಿಸದೆ, ತುಳಿಯುವುದಕ್ಕೆ ಕಾಯುತ್ತಿದ್ದವು. ಕೈ ಲಾಳಿ ಹಿಡಿದ ಕೂಡಲೇ ಹೊರಟವು. ನಗು ನಿಂತಿತು. ಮಾರಪ್ಪನ್ ಟ್ಯಾಬನ್ನು ಇನ್ನಷ್ಟು ಹತ್ತಿರ ಹಿಡಿದ. ಅವನೂ ನೇಕಾರನೇ.

ನಾನೂ ಒಂದು ಟ್ಯಾಬ್ ಇಸಿದುಕೊಂಡು ಕೊನೆಯವರೆಗೆ ನೋಡಿದೆ. ಐದು ನಿಮಿಷ. ಅವನ ಕಾಲು ಒಂದು ಸಲವೂ ತಪ್ಪಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತಿದೆ. ಇಷ್ಟು ಚೆನ್ನಾಗಿ ತುಳಿದರೆ ಯಾರಿಗೆ ತಾನೇ ಉರಿಯುವುದಿಲ್ಲ.